ಹರಿವಾಣ ಇಳಿಸಿದ ಭಾನುವಾರ

ದುಬೈಯ ಮಿರ್ದಿಫ್‌ನ ಆ ವಿಲ್ಲಾಕ್ಕೆ ಬಂದ ದಿನ ಅಪ್ಪಿಗೆ ಸಿಕ್ಕಿದ ಮೊದಲ ಉಡುಗೊರೆ ‘ಅಕ್ಕ’ ಎನ್ನುವ ಶಬ್ದ.

“ಮೇಡಂ ಗೀಡಂ ಎಲ್ಲ ಬೇಡ ಮಾರಾಯ್ತಿ. ಭವ್ಯಕ್ಕ ಅಂತ ಕರಿ. ಇವರನ್ನು ಅಣ್ಣ ಅನ್ನು. ನಾವೆಲ್ಲ ಒಂದೇ ಮನೆಯವರು,” ಎಂದಿದ್ದಳು ಮನೆಯೊಡತಿ ಭವ್ಯಶ್ರೀ.

ಅಪ್ಪಿಗೆ ಕಣ್ಣು ಒದ್ದೆಯಾಗಿತ್ತು. ಅವಳು ಮಲ್ಪೆ ಹತ್ತಿರದ ಕಾಲೊನಿಯವಳು. ಊರಲ್ಲಿ ಕಾಲೊನಿಯವಳು ಅಂದರೆ ವಿಳಾಸ ಅಲ್ಲ, ಜಾತಿ. ಅವಳ ಅಮ್ಮ ನಿಂತು ಹೋದ ಅಂಗಳಕ್ಕೆ ಆಮೇಲೆ ನೀರು ಚಿಮುಕಿಸುತ್ತಿದ್ದರು. ಅಂಥವಳು ವಿಮಾನ ಇಳಿದ ಕೂಡಲೇ ತಂಗಿಯಾಗಿಬಿಟ್ಟಳು.

ಆ ಶಬ್ದದೊಳಗಿನ ಮುಳ್ಳು ಚುಚ್ಚಲು ಎರಡು ವಾರ ಸಾಕಾಯಿತು. ಮನೆಯವರಿಗೆ ರಜೆ ಉಂಟಾ? ಇಲ್ಲ. ಅಕ್ಕನ ಮನೆ ಕೆಲಸಕ್ಕೆ ಹೊತ್ತುಗೊತ್ತು ಉಂಟಾ? ಇಲ್ಲ. ಐದು ಬಚ್ಚಲು. ಹದಿನಾರು ಕಿಟಕಿ. ಎರಡು ಕಾರು. ಮರಳುಗಾಳಿ ಬಂದ ದಿನ ಇಡೀ ಅಂಗಳ. ಬ್ಲೀಚಿಗೆ ಬೆರಳಸಂದಿ ಬೆಂದು ಬಿಳಿಯಾಗಿತ್ತು. ಬಿಸಿನೀರು ತಾಗಿದರೆ ಹಲ್ಲು ಕಚ್ಚಬೇಕು. ಮನೆಯವಳೇ ಆದ ಅಪ್ಪಿಯ ಸ್ಟೀಲ್ ಲೋಟ ಮಾತ್ರ ಸಿಂಕಿನ ಕೆಳಗೆ, ಫಿನಾಯಿಲ್ ಬಾಟಲಿಯ ಪಕ್ಕ.

“ಜಾತಿಗೀತಿ ಎಲ್ಲ ಇಲ್ಲಿ ಇಲ್ಲ. ಇದು ಬರೀ ಹೈಜೀನ್,” ಎಂದಿದ್ದಳು ಭವ್ಯಶ್ರೀ.

ಊರಲ್ಲಿ ಮಡಿ, ಇಲ್ಲಿ ಹೈಜೀನ್. ಸೋಪು ಬೇರೆ, ಕೊಳೆ ಅದೇ.

ಅಪ್ಪಿ ಅಳುವ ಜಾತಿಯವಳಲ್ಲ. ಅವಳ ಸೇಡು ಬೇರೆ ತರದ್ದು. ಅವಳ ಗಂಟಲಲ್ಲಿ ಇಡೀ ದುಬೈ ಬಾಡಿಗೆಗೆ ಇತ್ತು. ಸಂಜೆ ಕಸದ ಡಬ್ಬಿಯ ಹತ್ತಿರ ಎರಡು ಮನೆ ಆಚೆ ಕೆಲಸಕ್ಕಿದ್ದ ಫೆಲ್ಸಿಬಾಯಿ ಸಿಕ್ಕಿದರೆ ಪ್ರದರ್ಶನ ಶುರು. ಮನೆಯೊಡೆಯ ಜಯಪಾಲ ಅರಬಿ ಗಿರಾಕಿಗೆ “ಯಲ್ಲಾ ಹಬೀಬಿ, ನೋ ಪ್ರಾಬ್ಲಂ, ಟುಮಾರೋ” ಎಂದು ಜೇನು ಸುರಿಸುವುದು. ಫೋನು ಇಟ್ಟ ಮರುಕ್ಷಣ ವರ್ಕ್‌ಶಾಪಿನ ಹುಡುಗನಿಗೆ ತುಳುವಿನಲ್ಲಿ ಬೆಂಕಿ ಸುರಿಸುವುದು. ಭವ್ಯಶ್ರೀ ಊರಿನ ನಾದಿನಿಯೊಡನೆ ವಿಡಿಯೊ ಕಾಲಿನಲ್ಲಿ “ಕೆಲಸ ಮಾಡಿ ಮಾಡಿ ಸೊಂಟವೇ ಇಲ್ಲ ಮಾರಾಯ್ತಿ” ಎನ್ನುವುದು, ಅದೂ ಸೋಫಾದಲ್ಲಿ ಕಾಲು ಚಾಚಿಕೊಂಡು. ಫೆಲ್ಸಿಬಾಯಿ ನಕ್ಕು ನಕ್ಕು ಕಸದ ಡಬ್ಬಿ ಹಿಡಿದುಕೊಂಡು ನಿಲ್ಲುತ್ತಿದ್ದಳು. “ಸಾಕು ಬಾಯಿ, ಸಾಕು, ನನಗೆ ಬಿ.ಪಿ. ಉಂಟು!”

ಒಂದು ದಿನ ಈ ಪ್ರದರ್ಶನಕ್ಕೆ ಮೂರನೆಯ ನಗು ಸೇರಿತು. ಗೋಡೆಯಾಚೆಯಿಂದ ಬಂದ ನಗು. ಭಾಷೆ ಗೊತ್ತಿಲ್ಲದಿದ್ದರೂ ಜಯಪಾಲನನ್ನು ಗುರುತಿಸಿದ ನಗು.

ಪಕ್ಕದ ವಿಲ್ಲಾದ ಹಿಂಭಾಗಕ್ಕೆ ಹೊಸದಾಗಿ ಬಂದವಳು ಯಾದ್ರಾಂಕಾ. ಕ್ರೊಯೇಷಿಯಾದವಳು. ಅರವತ್ತಾರು ವರ್ಷ, ಕತ್ತರಿಸಿದ ಬಿಳಿಗೂದಲು, ಕೊರಳಿಗೆ ದಾರದಲ್ಲಿ ನೇತಾಡುವ ಕನ್ನಡಕ. ಇಲ್ಲಿನ ಒಂದು ಯೂನಿವರ್ಸಿಟಿಗೆ ಒಂದು ವರ್ಷದ ಮಟ್ಟಿಗೆ ಪಾಠ ಮಾಡಲು ಬಂದ ಪ್ರೊಫೆಸರು. ಹೆಂಗಸರ ದುಡಿಮೆಯ ಬಗ್ಗೆ ಪುಸ್ತಕ ಬರೆದವಳು. ತನ್ನೂರಲ್ಲಿ ಹೆಂಗಸರ ಹಕ್ಕಿಗೆ ಬೀದಿಗೆ ಇಳಿದವಳು. ಸದ್ಯಕ್ಕೆ ಅಂಗಳದಲ್ಲಿ ಕೂತು ಒಂದು ಬುಟ್ಟಿ ಮೀನನ್ನು ಚಾಕುವಿನಲ್ಲಿ ಸೀಳುತ್ತಿದ್ದಳು.

ಅಪ್ಪಿ ಗೋಡೆಯ ಮೇಲಿಂದ ಇಣುಕಿದಳು. ಬೂತಾಯಿ! ಊರಿನ ಬೂತಾಯಿಯದೇ ತಂಗಿ.

“ಬೂತಾಯಿಗೆ ಚಾಕು ಯಾಕೆ? ಹೆಬ್ಬೆರಳು ಸಾಕು,” ಎಂದು ಹೆಬ್ಬೆರಳು ತೋರಿಸಿದಳು. ಅಪ್ಪಿ ಹನ್ನೆರಡು ವರ್ಷ ಮಲ್ಪೆಯ ಮೀನಿನ ಶೆಡ್ಡಿನಲ್ಲಿ ತಲೆ ಮುರಿದವಳು. ಬೂತಾಯಿಯದು.

ಯಾದ್ರಾಂಕಾ ಚಾಕು ಕೆಳಗಿಟ್ಟಳು. “ನನ್ನ ಅಜ್ಜಿ ಕೂಡ ಹೆಬ್ಬೆರಳಿನಲ್ಲೇ ಮಾಡುತ್ತಿದ್ದಳು. ನಾನು ಓದಿ ಹಾಳಾದೆ.”

ಇಬ್ಬರ ಭಾಷೆ ಮುಕ್ಕಾಲು ಹರಕು ಇಂಗ್ಲಿಷು, ಕಾಲು ಕೈಸನ್ನೆ. ಕನ್ನಡಕ್ಕೆ ಇಳಿಸಿದರೆ ಹೀಗೆ ಕೇಳಿಸುತ್ತದೆ ಅಷ್ಟೆ.

“ನನ್ನನ್ನು ಮೇಡಂ ಅನ್ನಬೇಡ,” ಎಂದಳು ಯಾದ್ರಾಂಕಾ.

“ಅಕ್ಕ ಅಂತೂ ಅನ್ನುವುದಿಲ್ಲ. ಅಕ್ಕ ಅಂದರೆ ಕೆಲಸ ಜಾಸ್ತಿ,” ಎಂದಳು ಅಪ್ಪಿ. ಕೊನೆಗೆ ಪ್ರೊಫೆಸರಮ್ಮ ಎಂದು ಇತ್ಯರ್ಥವಾಯಿತು.

ಪ್ರೊಫೆಸರಮ್ಮನ ಬಳಿ ಬೆಂಕಿಪೊಟ್ಟಣದಷ್ಟು ದೊಡ್ಡ ರೆಕಾರ್ಡರ್ ಇತ್ತು. ಮನೆಗೆಲಸದ ಹೆಂಗಸರ ಬಗ್ಗೆ ಬರೆಯುತ್ತಿದ್ದೇನೆ, ನಿನ್ನ ಕಥೆ ಹೇಳುತ್ತೀಯಾ ಎಂದು ಕೇಳಿದಳು.

ಅಪ್ಪಿ ಸೊಂಟಕ್ಕೆ ಕೈ ಕೊಟ್ಟಳು. “ನನ್ನ ಕಥೆ ನಿಮಗೆ. ನಿಮ್ಮ ಕಥೆ ಯಾರಿಗೆ? ಒಂದು ಪ್ರಶ್ನೆ ನೀವು ಕೇಳಿ, ಒಂದು ನಾನು ಕೇಳ್ತೇನೆ. ಒಪ್ಪಿಗೆ ಇದ್ದರೆ ಆ ಡಬ್ಬಿ ಇಡಿ.”

ಪ್ರೊಫೆಸರಮ್ಮ ಕನ್ನಡಕ ಮೂಗಿಗೇರಿಸಿ ಅವಳನ್ನು ನೋಡಿದಳು. ನಲವತ್ತು ವರ್ಷದಲ್ಲಿ ಯಾರೂ ಹೀಗೆ ಕೇಳಿರಲಿಲ್ಲವಂತೆ. ಒಪ್ಪಿದಳು.

ಹಾಗೆ, ಬಟ್ಟೆ ಒಣಹಾಕುವ ಹತ್ತು ಹದಿನೈದು ನಿಮಿಷಗಳಲ್ಲಿ, ಗೋಡೆಯ ಮೇಲೆ ಒಂದು ಬದುಕು ತುಂಡುತುಂಡಾಗಿ ದಾಟಿ ಬಂತು.

ಪ್ರೊಫೆಸರಮ್ಮ ಹುಟ್ಟಿದ್ದು ಕಡಲ ನಡುವಿನ ಒಂದು ದ್ವೀಪದಲ್ಲಿ. ಅಜ್ಜಿಗೆ ಕೆಲಸ ಬೂತಾಯಿ ಡಬ್ಬಿಗೆ ತುಂಬುವ ಫ್ಯಾಕ್ಟರಿಯಲ್ಲಿ. ಅಲ್ಲಿ ಹೆಂಗಸರಿಗೆ ಹೆಸರಿಲ್ಲ, ನಂಬರು. ಅಜ್ಜಿ ನಲವತ್ತೊಂದು. ಒಂದು ಚಳಿಗಾಲ ಉಪ್ಪಿಗೆ ಕೈ ಸೀಳಿ ರಕ್ತ ಬಂದಾಗ ಹೆಂಗಸರು ಬಿಸಿನೀರು ಕೇಳಿದರು. ಕೊಡಲಿಲ್ಲ. ಅವರು ಮೀನಿನ ಪೆಟ್ಟಿಗೆ ಬೋರಲು ಹಾಕಿ ಅದರ ಮೇಲೆ ಕೂತುಬಿಟ್ಟರು. ಎರಡನೆಯ ದಿನ ಮೀನು ನಾರಿತು. ಮೂರನೆಯ ದಿನ ಬಿಸಿನೀರು ಬಂತು.

“ನಮ್ಮ ಶೆಡ್ಡಿನಲ್ಲಿ ಐಸು ಮಾತ್ರ ಬರ್ತಿತ್ತು,” ಎಂದಳು ಅಪ್ಪಿ. “ಕೂತುಕೊಳ್ಳಲಿಕ್ಕೆ ನಮಗೆ ಹೊಳೆಯಲೇ ಇಲ್ಲ.”

ಮೊಮ್ಮಗಳು ಜಾಗ್ರೆಬ್ ಪಟ್ಟಣಕ್ಕೆ ಓದಲು ಹೋದಳು. ಮೇಷ್ಟ್ರಾದಳು. ಗಂಡಂದಿರಿಂದ ಪೆಟ್ಟು ತಿಂದು ಓಡಿ ಬಂದ ಹೆಂಗಸರಿಗೆ ತನ್ನ ಮನೆಯಲ್ಲೇ ಹಾಸಿಗೆ ಹಾಕಿದಳು. ಆಮೇಲೆ ಯುದ್ಧ ಬಂತು. ನಮ್ಮವರು, ಅವರವರು ಎಂದು ಊರೇ ಎರಡಾಯಿತು. ಇವಳ ಮನೆಗೆ ಎರಡೂ ಕಡೆಯ ಹೆಂಗಸರು ಬಂದರು. ಅತ್ತಾಗ ಎಲ್ಲರದೂ ಒಂದೇ ಭಾಷೆ ಎಂದಳು ಇವಳು. ಅಷ್ಟಕ್ಕೆ ಬೀದಿಯ ಬ್ರೆಡ್ ಅಂಗಡಿಯವನು ಇವಳಿಗೆ ಬ್ರೆಡ್ ಮಾರುವುದು ನಿಲ್ಲಿಸಿದ. ಕಾಲೇಜಿನವರು ಇವಳ ಕ್ಲಾಸನ್ನು ನೆಲಮಾಳಿಗೆಗೆ ತಳ್ಳಿದರು. ಮನೆಯ ಬಾಗಿಲಿಗೆ ಕೆಂಪು ಬಣ್ಣದಲ್ಲಿ ‘ಮಾಟಗಾತಿ’ ಎಂದು ಬರೆದರು.

“ನೀವು ಮಾಟಗಾತಿ ಅಲ್ಲ,” ಎಂದಳು ಅಪ್ಪಿ. “ಮಾತುಗಾತಿ.” ಅದನ್ನು ಇಂಗ್ಲಿಷಿಗೆ ದಾಟಿಸಲು ಹತ್ತು ನಿಮಿಷ ಹೆಣಗಿ, ಸೋತು, ಬಟ್ಟೆ ಒಣಹಾಕಲು ಹೋದಳು.

“ಗಂಡ?” ಎಂದು ಕೇಳಿದಳು ಇನ್ನೊಂದು ದಿನ.

“ಈ ಹೆಂಗಸರೋ ನಾನೋ, ಒಂದನ್ನು ಆರಿಸು ಅಂದ. ಅಷ್ಟರಲ್ಲಿ ಯಾರೋ ಬಾಗಿಲು ಬಡಿದರು. ತೆರೆದೆ. ಬಂದವರು ಒಳಗೆ ಬಂದರು, ಅವನು ಹೊರಗೆ ಹೋದ. ಬಾಗಿಲನ್ನು ಎರಡು ಸಲ ತೆರೆಯುವ ಕೆಲಸ ತಪ್ಪಿತು.”

ಆ ದಿನ ಅಪ್ಪಿ ನಕ್ಕದ್ದು ಭವ್ಯಶ್ರೀಯ ಬೆಡ್‌ರೂಮಿಗೆ ಕೇಳಿಸಿತು.

ಇನ್ನು ಪ್ರೊಫೆಸರಮ್ಮನ ಸರದಿ. “ನಿನಗೆ ವಾರಕ್ಕೆ ಎಷ್ಟು ರಜೆ?”

ಅಪ್ಪಿ ಮತ್ತೆ ನಕ್ಕಳು. ಈ ಸಲ ಯಾರಿಗೂ ಕೇಳಿಸಲಿಲ್ಲ.

“ಇಲ್ಲಿನ ಕಾನೂನಿನಲ್ಲೇ ಇದೆ. ವಾರಕ್ಕೆ ಇಡೀ ಒಂದು ದಿನ. ನೀನು ರುಜು ಹಾಕಿದ ಕಾಗದ ನೋಡು.”

ನೋಡಿದಳು. ಇತ್ತು. ಅಪ್ಪಿ ಕಾಗದ ಹಿಡಿದುಕೊಂಡೇ ಭವ್ಯಶ್ರೀಯ ಎದುರು ನಿಂತಳು. ಭವ್ಯಶ್ರೀ ಜಗಳವಾಡಲಿಲ್ಲ. ಜಗಳವಾಡಿದ್ದರೆ ಚೆನ್ನಾಗಿತ್ತು. “ಅಯ್ಯೋ, ಕೇಳಿದ್ರೆ ನಾನು ಕೊಡ್ತಿರಲಿಲ್ವಾ? ಇನ್ನು ಭಾನುವಾರ ನಿನ್ನದೇ,” ಎಂದಳು.

ಭಾನುವಾರ ಅಪ್ಪಿಯದಾಯಿತು. ಅಪ್ಪಿ ಮಾತ್ರ ಬಳಗದವಳಾದಳು. ‘ಕರಾವಳಿ ಸ್ನೇಹ ಬಳಗ’ಕ್ಕೆ ಜಯಪಾಲ ಅಧ್ಯಕ್ಷ, ಭವ್ಯಶ್ರೀ ಮಹಿಳಾ ಘಟಕದ ಸಂಚಾಲಕಿ. ಒಂದು ಭಾನುವಾರ ಪೂಜೆ, ಒಂದು ಭಾನುವಾರ ಕ್ರಿಕೆಟ್ಟು, ಒಂದು ಭಾನುವಾರ ಮಕ್ಕಳ ಛದ್ಮವೇಷ. ಎಲ್ಲದಕ್ಕೂ ಊಟ. ಊಟಕ್ಕೆ ಈರುಳ್ಳಿ. ಈರುಳ್ಳಿಗೆ ಅಪ್ಪಿ. ಕಮಿಟಿಯವರ ಮನೆಗಳ ಕೆಲಸದವರೆಲ್ಲ ಹಾಗೇ. ಒಟ್ಟು ಹನ್ನೆರಡು ಹೆಂಗಸರು. “ನಿಮ್ಮ ರಜೆ ಅಲ್ವಾ, ಸುಮ್ಮನೆ ಕೂತು ಎಂಥ ಮಾಡ್ತೀರಿ, ಸೇವೆ ಮಾಡಿ ಪುಣ್ಯ ಬರ್ತದೆ.” ಒಂದೊಂದು ಗುಲಾಬಿ ಟೀಶರ್ಟೂ ಕೊಟ್ಟರು. ಬೆನ್ನಿನ ಮೇಲೆ ‘ಸ್ವಯಂಸೇವಕಿ’. ಅಪ್ಪಿ ತನ್ನದನ್ನು ಎರಡು ಸಲ ಒಗೆದಳು. ಬಣ್ಣ ಹೋಯಿತು, ‘ಸ್ವಯಂ’ ಉದುರಿತು, ‘ಸೇವಕಿ’ ಗಟ್ಟಿಯಾಗಿ ಉಳಿಯಿತು.

ಇಷ್ಟರ ನಡುವೆ ಪ್ರಫುಲ್ಲಾಳ ಫೋನು ಬಂತು.

ಪ್ರಫುಲ್ಲಾ ಅಪ್ಪಿಯ ಒಡಹುಟ್ಟಿದ ತಂಗಿ. ನಿಜವಾದ ತಂಗಿ. ಅಬುಧಾಬಿಯಿಂದಲೂ ಆಚೆ, ರುವೈಸ್‌ನ ಕಂಪೆನಿ ಗೆಸ್ಟ್‌ಹೌಸಿನಲ್ಲಿ ಹಾಸಿಗೆ ಬದಲಿಸುವ ಕೆಲಸ. ಎರಡು ವರ್ಷದಿಂದ ಇಬ್ಬರೂ ಒಂದೇ ದೇಶದಲ್ಲಿ. ಒಂದೇ ರಸ್ತೆಯ ಎರಡು ತುದಿಯಲ್ಲಿ. ಒಂದು ಸಲವೂ ಮುಖ ನೋಡಿಲ್ಲ.

“ಅಕ್ಕಾ, ಕಾಂಟ್ರಾಕ್ಟು ಖಲಾಸ್. ಏಪ್ರಿಲ್ ಮೂರನೇ ಭಾನುವಾರ ಊರಿಗೆ ಹೋಗ್ತಿದ್ದೇನೆ. ಕಂಪೆನಿ ಬಸ್ಸು ಮೂರು ಗಂಟೆಗೆ ಅಬುಧಾಬಿ ಬಸ್‌ಸ್ಟ್ಯಾಂಡಿಗೆ ತಂದು ಬಿಡ್ತದೆ. ಐದಕ್ಕೆ ಏರ್‌ಪೋರ್ಟಿಗೆ ಹೊರಡ್ಬೇಕು. ಬರ್ತೀಯಾ?”

“ಬರ್ತೇನೆ,” ಎಂದಳು ಅಪ್ಪಿ. ಕೇಳಿ ಹೇಳುತ್ತೇನೆ ಎಂದು ಹೇಳಲಿಲ್ಲ. ತಂಗಿ ಮತ್ತೆ ಬರುವವಳಲ್ಲ. ತಾನು ಊರಿಗೆ ಹೋಗುವುದು ಯಾವಾಗಲೋ. ಆ ಎರಡು ಗಂಟೆ ತಪ್ಪಿದರೆ ತಪ್ಪಿತು.

ಭವ್ಯಶ್ರೀಗೆ ತಿಂಗಳ ಮೊದಲೇ ಹೇಳಿದಳು. ಭವ್ಯಶ್ರೀ ಹಣೆ ಬಡಿದುಕೊಂಡಳು. “ಅವತ್ತೇ ಮಹಿಳಾ ದಿನ ಮಾರಾಯ್ತಿ!”

ಮಹಿಳಾ ದಿನ ಮಾರ್ಚ್ ಎಂಟಕ್ಕೆ. ಆದರೆ ಈ ಸಲ ಅದು ರಂಜಾನ್ ಉಪವಾಸದ ತಿಂಗಳಲ್ಲಿ ಬಂದಿತ್ತು; ಮಧ್ಯಾಹ್ನದ ಊಟಕ್ಕೆ ಹಾಲ್ ಸಿಗದು. ಊಟ ಇಲ್ಲದ ಮಹಿಳಾ ದಿನ ಬಳಗಕ್ಕೆ ಅರ್ಥವಾಗದು. ಮಹಿಳೆಯರು ಏಪ್ರಿಲ್‌ಗೆ ಮುಂದೂಡಲ್ಪಟ್ಟರು.

“ಆಯ್ತು, ಅಡುಗೆ ಮುಗಿಸಿ ಹತ್ತು ಗಂಟೆಗೆ ಹೋಗು. ಇದು ಅಕ್ಕನ ಮಾತು,” ಎಂದಳು ಭವ್ಯಶ್ರೀ.

ಮುಖ್ಯ ಅತಿಥಿಯಾಗಿ ಒಬ್ಬ ಫಾರಿನ್ ಮಹಿಳೆ ಬೇಕು ಎಂದು ಕಮಿಟಿ ತೀರ್ಮಾನಿಸಿತ್ತು. ಗೋಡೆಯಾಚೆ ಒಬ್ಬಳು ಇದ್ದಾಳೆ ಎಂದು ಆಗ ಭವ್ಯಶ್ರೀಗೆ ಹೊಳೆಯಿತು.

“ಕ್ರೊಯೇಷಿಯಾ ಅಂದ್ರೆ ಫುಟ್‌ಬಾಲಿನವರಲ್ವಾ?” ಎಂದ ಜಯಪಾಲ.

“ಇವರು ಹೆಂಗಸರ ಬಗ್ಗೆ ಬರೆಯುವವರಂತೆ.”

“ಇರಲಿ. ಕಪ್ಪು ಗಿಪ್ಪು ಗೆದ್ದಿದ್ದಾರಾ ಕೇಳು.”

ಎಂಟು ತಿಂಗಳು ಪಕ್ಕದಲ್ಲಿದ್ದವಳ ಬಗ್ಗೆ ಭವ್ಯಶ್ರೀಗೆ ಗೊತ್ತಿದ್ದದ್ದು ಮೀನಿನ ವಾಸನೆ ಒಂದೇ. ಅವಳು ಪೆನ್ನು ಹಿಡಿದು ಅಡುಗೆಮನೆಗೆ ಬಂದಳು. “ಅಪ್ಪೀ, ಆ ಪ್ರೊಫೆಸರಮ್ಮನ ವಿಷಯ ಹೇಳು ನೋಡುವಾ. ಸನ್ಮಾನದಲ್ಲಿ ಪರಿಚಯ ಓದ್ಲಿಕ್ಕೆ ಉಂಟು.”

ಅಪ್ಪಿ ಬಂಗುಡೆ ತೊಳೆಯುತ್ತಾ ಹೇಳಿದಳು. ಅಜ್ಜಿ, ಪೆಟ್ಟಿಗೆ, ಬಿಸಿನೀರು. ಭವ್ಯಶ್ರೀ ಬರೆದಳು. ಮಾಟಗಾತಿ. ಪೆನ್ನು ನಿಧಾನವಾಯಿತು. ಗಂಡ, ಬಾಗಿಲು. ಪೆನ್ನು ನಿಂತಿತು.

“ಇದೆಲ್ಲ ಸ್ಟೇಜಲ್ಲಿ ಹೇಳ್ಲಿಕ್ಕೆ ಆಗ್ತದಾ? ಫ್ಯಾಮಿಲಿಗಳು ಬರ್ತಾರೆ. ಕ್ಯಾಮಿಲಸ್‌ಗೆ ಕೊಡ್ತೇನೆ, ಅವನು ಚಂದ ಮಾಡ್ತಾನೆ.”

ಕ್ಯಾಮಿಲಸ್ ಬಳಗದ ಖಾಯಂ ನಿರೂಪಕ. ಕಂಪ್ಯೂಟರಿನಲ್ಲಿ ಅವನು ಒಂದೇ ಒಂದು ಪರಿಚಯ ಪತ್ರ ಇಟ್ಟುಕೊಂಡಿದ್ದ. ಹೆಸರು ಬದಲಿಸಿದರೆ ಆಯಿತು. ಕಣ್ಣಿನ ಡಾಕ್ಟರಿಗೂ ಅದೇ, ಯಕ್ಷಗಾನದ ಭಾಗವತರಿಗೂ ಅದೇ.

ಆ ಭಾನುವಾರ ಬೆಳಿಗ್ಗೆ ಐದಕ್ಕೆ ಹನ್ನೆರಡು ಗುಲಾಬಿ ಟೀಶರ್ಟುಗಳು ರಾಸ್ ಅಲ್ ಖೋರ್‌ನಲ್ಲಿ ಇಳಿದವು. ಅಲ್ಲಿ ಜಯಪಾಲನ ಕಾರು ರಿಪೇರಿಯ ಶೆಡ್ಡು. ಕಾರ್ಯಕ್ರಮದ ಹಾಲ್‌ನಲ್ಲಿ ಒಲೆ ಹಚ್ಚಲು ಬಿಡುವುದಿಲ್ಲ. ಆದ್ದರಿಂದ ಅಡುಗೆ ಶೆಡ್ಡಿನ ಹಿಂದೆ. ಅತ್ತ ಗ್ರೀಸು, ಇತ್ತ ಗಸಿ. ಇಪ್ಪತ್ತು ಕಿಲೋ ಈರುಳ್ಳಿ. ನಲವತ್ತು ತೆಂಗಿನಕಾಯಿ. ಗಸಿಗೆ ಕೋಳಿ ಎಷ್ಟೋ. ತಗಡಿನ ಮಾಡು ಎಂಟು ಗಂಟೆಗೇ ಕಾದಿತ್ತು. ಕಾಯಿ ತುರಿದು ಅಪ್ಪಿಯ ಬಲಗೈ ಭುಜದಿಂದ ಕೆಳಗೆ ಯಾರದೋ ಕೈಯ ಹಾಗಾಯಿತು. ಈರುಳ್ಳಿಯ ರಸ ಬ್ಲೀಚಿನ ಗಾಯಕ್ಕೆ ಇಳಿಯಿತು. ಫೆಲ್ಸಿಬಾಯಿ ಕೊಪ್ಪರಿಗೆಗೆ ಸೌಟು ಹಾಕಿ ತಿರುಗಿಸುತ್ತಾ, “ಇಗರ್ಜಿಗೆ ಹೋಗದೆ ಎಂಟು ತಿಂಗಳು ಆಯ್ತು ಬಾಯಿ. ದೇವರು ನನ್ನ ಮುಖ ಮರೆತಿರ್ತಾನೆ,” ಎಂದಳು.

“ಬೆನ್ನು ತೋರಿಸಿ. ಹೆಸರು ಬರೆದುಂಟಲ್ಲ,” ಎಂದಳು ಅಪ್ಪಿ.

ಹತ್ತು ಗಂಟೆ. ಭವ್ಯಶ್ರೀ ಬಂದಳು. ರೇಷ್ಮೆ ಸೀರೆ, ಮಲ್ಲಿಗೆ. “ಅಪ್ಪೀ, ಪಾತ್ರೆಗಳನ್ನೆಲ್ಲ ಹಾಲ್‌ಗೆ ಮುಟ್ಟಿಸಿ ಹೋಗು ಮಾರಾಯ್ತಿ.”

ಹನ್ನೊಂದು ಗಂಟೆ. ಹನ್ನೆರಡು ಮಂದಿಯೂ ಪಾತ್ರೆ ಸಮೇತ ಹಾಲ್‌ನ ಹಿಂಬದಿಯಲ್ಲಿ. “ಅಪ್ಪೀ, ಒಂದು ಐದು ನಿಮಿಷ. ಸನ್ಮಾನದ ಹರಿವಾಣ ಹಿಡಿಯುವ ಹುಡುಗಿ ಬಂದಿಲ್ಲ. ನೀನೇ ಹಿಡ್ಕೋ. ಸ್ಟೇಜಿಗೆ ಬರ್ಲಿಕ್ಕೆ ಪುಣ್ಯ ಬೇಕು, ಗೊತ್ತುಂಟಾ?”

ಹನ್ನೊಂದರ ಕಾರ್ಯಕ್ರಮ ಹನ್ನೊಂದೂವರೆಗೆ ಶುರುವಾಯಿತು. ಅಪ್ಪಿ ಸ್ಟೇಜಿನ ಮೇಲೆ ನಿಂತಳು. ಕೈಯಲ್ಲಿ ಹಿತ್ತಾಳೆಯ ಹರಿವಾಣ. ಅದರಲ್ಲಿ ಶಾಲು, ಪೇಟ, ಗಂಧದ ಹಾರ, ಗಾಜಿನ ಸ್ಮರಣಿಕೆ, ಎರಡು ತೆಂಗಿನಕಾಯಿ, ಒಂದು ಅನಾನಸು, ಬಾಳೆಗೊನೆಯ ಒಂದು ಚಿಪ್ಪು. ಸನ್ಮಾನದ ಹರಿವಾಣವನ್ನು ನೆಲಕ್ಕೆ ಇಡಬಾರದು. ಶಾಲು ಹೊದಿಸುವವರೆಗೆ ಯಾರಾದರೂ ಹಿಡಿದುಕೊಂಡೇ ಇರಬೇಕು. ಅದು ಪದ್ಧತಿ. ಹಿಡಿದವಳ ಹೆಸರು ಹೇಳದಿರುವುದೂ ಪದ್ಧತಿ.

ಪ್ರಾರ್ಥನೆ. ಸ್ವಾಗತ. ದೀಪ. ಪ್ರಾಯೋಜಕರಿಗೆ ಹೂಗುಚ್ಛ. ಮಹಿಳಾ ದಿನದ ಬಗ್ಗೆ ಮೂವರು ಗಂಡಸರು ಮಾತಾಡಿದರು. ಜಯಪಾಲ ಹೇಳಿದ: “ಹೆಣ್ಣು ಭೂಮಿ ಇದ್ದ ಹಾಗೆ. ಎಷ್ಟು ಭಾರ ಹಾಕಿದ್ರೂ ಹೊರ್ತಾಳೆ.” ಚಪ್ಪಾಳೆ. ಹರಿವಾಣದ ಅಂಚು ಅಪ್ಪಿಯ ಮಣಿಕಟ್ಟಿಗೆ ಒತ್ತತೊಡಗಿತು. ಬೆವರು ಮೂಗಿನ ತುದಿಗೆ ಬಂದು ನಿಂತಿತು. ಒರೆಸಲು ಕೈ ಇಲ್ಲ. ಗೋಡೆಯ ಗಡಿಯಾರ ಹನ್ನೆರಡೂ ಕಾಲು. ಒಂದು ಗಂಟೆಯ ಬಸ್ಸು ಹಿಡಿದರೆ ಮೂರಕ್ಕೆ ಅಬುಧಾಬಿ.

ಅವಳಿಗೆ ಅಮ್ಮ ನೆನಪಾದಳು. ದೇವಸ್ಥಾನದ ಹೊರಗೆ ದೂರದಲ್ಲಿ ನಿಂತ ಅಮ್ಮ. ಊರಲ್ಲಿ ಹರಿವಾಣ ಮುಟ್ಟಲು ಬಿಡಲಿಲ್ಲ. ಇಲ್ಲಿ ಇಳಿಸಲು ಬಿಡುತ್ತಿಲ್ಲ.

ಕ್ಯಾಮಿಲಸ್ ಮೈಕಿಗೆ ಬಂದ. ಗಂಟಲು ಸರಿ ಮಾಡಿದ. “ಧರ್ಮನಿಷ್ಠ ದಂಪತಿಗಳ ಸುಪುತ್ರಿಯಾಗಿ ಜನಿಸಿದ ಡಾಕ್ಟರ್ ಯಾದ್ರಾಂಕಾರವರು, ಬಾಲ್ಯದಿಂದಲೇ ಗುರುಹಿರಿಯರಲ್ಲಿ ಭಯಭಕ್ತಿಯುಳ್ಳವರಾಗಿ, ತುಂಬು ಸಂಸಾರವನ್ನು ಬೆಳಗುತ್ತಾ, ಧರ್ಮಪತ್ನಿಯ ಅಪಾರ ತ್ಯಾಗದಿಂದ…”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಹಿಂದಿನ ಸನ್ಮಾನದ ಕಣ್ಣಿನ ಡಾಕ್ಟರ ಹೆಂಡತಿ ಕಾಗದದಲ್ಲೇ ಉಳಿದುಬಿಟ್ಟಿದ್ದಳು.

ಮುಖ್ಯ ಅತಿಥಿ ಭವ್ಯಶ್ರೀಯ ಕಡೆ ಬಾಗಿದಳು. “ನನ್ನ ಬಗ್ಗೆ ಏನು ಹೇಳುತ್ತಿದ್ದಾರೆ?”

“ವೆರಿ ಗುಡ್ ಥಿಂಗ್ಸ್!”

“ಅದೇ ನನಗೆ ಭಯ.” ಅವಳ ಕಣ್ಣು ಹರಿವಾಣದ ಕೆಳಗಿನ ಕೈಗಳ ಮೇಲೆ ಬಿತ್ತು. ಇಷ್ಟು ಹೊತ್ತು ಅವಳೂ ನೋಡಿರಲಿಲ್ಲ. “ಅಪ್ಪಿ, ನೀನು ಇಲ್ಲೇಕೆ? ಇವತ್ತು ನಿನ್ನ ತಂಗಿ…” ಎಂದು ಎದ್ದೇಬಿಟ್ಟಳು. “ನಾನು ಇವರಿಗೆ ಹೇಳುತ್ತೇನೆ.”

“ನೀವು ಕೂತುಕೊಳ್ಳಿ,” ಎಂದಳು ಅಪ್ಪಿ. “ನನಗೂ ಬಾಯಿ ಉಂಟು.”

ನೆಲಕ್ಕೆ ಇಡಬಾರದು. ಸರಿ. ಅಪ್ಪಿ ಪದ್ಧತಿ ಮುರಿಯಲಿಲ್ಲ. ನಾಲ್ಕು ಹೆಜ್ಜೆ ನಡೆದು ಹರಿವಾಣವನ್ನು ಜಯಪಾಲನ ತೊಡೆಯ ಮೇಲೆ ಇಟ್ಟಳು.

“ಏ! ಏ ಅಪ್ಪಿ! ಎಂಥ ಇದು?” ಅವನು ಏಳಲು ಹೋದ. ಅನಾನಸು ಉರುಳಿತು. ಗಾಜು ಟಣ್ ಎಂದಿತು. ಎರಡೂ ಕೈಯಲ್ಲಿ ಹರಿವಾಣ ಅಪ್ಪಿಕೊಂಡು ಅಲ್ಲೇ ಕೂತ.

“ಸ್ವಲ್ಪ ಹೊತ್ತು ಹಿಡ್ಕೊಳ್ಳಿ. ಭೂಮಿ ಇದ್ದ ಹಾಗೆ,” ಎಂದಳು ಅಪ್ಪಿ.

ಮೈಕು ಕ್ಯಾಮಿಲಸ್‌ನ ಕೈಯಿಂದ ಯಾವಾಗ ಜಾರಿತೋ ಅವನಿಗೇ ತಿಳಿಯಲಿಲ್ಲ. ಹಾಲ್‌ನ ಸ್ಪೀಕರುಗಳಲ್ಲಿ ಕ್ಯಾಮಿಲಸ್‌ನ ಗಂ‌ಟಲೇ ಕೇಳಿಸಿತು. ಅದೇ ರಾಗ, ಅದೇ ಎಳೆತ. ಬಾಯಿ ಅಪ್ಪಿಯದು.

“ಮೀನಿನ ಫ್ಯಾಕ್ಟರಿಯ ನಲವತ್ತೊಂದನೇ ನಂಬರಿನ ಸುಪುತ್ರಿಯ ಸುಪುತ್ರಿಯಾಗಿ ಜನಿಸಿದ ಇವರು, ಬಾಲ್ಯದಿಂದಲೇ ಗುರುಹಿರಿಯರಿಗೆ ಎದುರು ಮಾತಾಡುತ್ತಾ, ಯುದ್ಧದ ಕಾಲದಲ್ಲಿ ಶತ್ರು ಕಡೆಯ ಹೆಂಗಸರಿಗೂ ಹಾಸಿಗೆ ಹಾಸಿ, ತಮ್ಮ ಬಾಗಿಲಿನ ಮೇಲೆ ‘ಮಾಟಗಾತಿ’ ಎಂಬ ಬಿರುದನ್ನು ಬರೆಸಿಕೊಂಡು, ಈ ಹೆಂಗಸರೋ ನಾನೋ ಆರಿಸು ಎಂದ ಪತಿದೇವರಿಗೆ ದಾರಿ ತೋರಿಸಿ…”

ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ಕ್ಯಾಮಿಲಸ್ ಕೂಡ ನಕ್ಕ, ಪಾಪ. ತನ್ನ ಗಂಟಲು ಅಷ್ಟು ಚೆನ್ನಾಗಿದೆ ಎಂದು ಅವನಿಗೆ ಗೊತ್ತಿರಲಿಲ್ಲ.

“ಇನ್ನು ನನ್ನ ಸ್ವಂತ ಗಂಟಲು,” ಎಂದಳು ಅಪ್ಪಿ. ನಗು ನಿಂತಿತು.

“ನನ್ನ ಹೆಸರು ಅಪ್ಪಿ. ಹರಿವಾಣದ ಕೆಳಗೆ ಇದ್ದವಳು. ಇವತ್ತು ಭಾನುವಾರ. ನನಗೆ ರಜೆ. ಕಾಗದದಲ್ಲಿ ಉಂಟು. ಬೆಳಿಗ್ಗೆ ಐದರಿಂದ ನಾನು ರಜೆ ಮಾಡ್ತಾ ಇದ್ದೇನೆ. ಇಪ್ಪತ್ತು ಕಿಲೋ ಈರುಳ್ಳಿಯಲ್ಲಿ ರಜೆ ಮಾಡಿದೆ. ನಲವತ್ತು ಕಾಯಿಯಲ್ಲಿ ರಜೆ ಮಾಡಿದೆ. ಅಡುಗೆಯವರು ಹನ್ನೊಂದು ಮಂದಿ ಹಿಂದೆ ಇನ್ನೂ ರಜೆ ಮಾಡ್ತಾ ಇದ್ದಾರೆ. ಹೋದ ವಾರವೂ ಮಾಡಿದ್ದೆವು. ಅದರ ಹಿಂದಿನ ವಾರವೂ. ರಜೆ ಮಾಡಿ ಮಾಡಿ ಕೈ ನೋಡಿ ಹೇಗಾಗಿದೆ.”

ಕೈ ಎತ್ತಿದಳು. ಬೆಂದ ಬೆರಳಸಂದಿಗಳು ಸ್ಟೇಜಿನ ಲೈಟಿಗೆ ಬಿಳಿಬಿಳಿಯಾಗಿ ಕಂಡವು.

“ಅಪ್ಪೀ,” ಭವ್ಯಶ್ರೀ ಹಲ್ಲಿನ ಸಂದಿಯಲ್ಲಿ ಅಂದಳು, ಮುಖದಲ್ಲಿ ನಗು ಹಾಗೇ ಇಟ್ಟುಕೊಂಡು. “ಅಕ್ಕನ ಮರ್ಯಾದೆ ತೆಗಿಬೇಡ.”

“ನೀವು ಅಕ್ಕ ಅಲ್ಲ, ಮೇಡಂ,” ಎಂದಳು ಅಪ್ಪಿ. ಮೈಕಿನಲ್ಲೇ. “ನಾನು ನಿಮ್ಮ ಮನೆಯಲ್ಲಿ ಕೆಲಸ ಮಾಡ್ತೇನೆ. ಒಳ್ಳೆ ಕೆಲಸ ಮಾಡ್ತೇನೆ. ನಾಳೆ ಬೆಳಿಗ್ಗೆ ಐದೂವರೆಗೆ ಕೆಲಸಕ್ಕೆ ಇಳೀತೇನೆ. ನಾನು ಅಕ್ಕ ಆಗಿರುವುದು ಒಬ್ಬಳಿಗೆ. ಅವಳು ಅಬುಧಾಬಿ ಬಸ್‌ಸ್ಟ್ಯಾಂಡಿಗೆ ಬರ್ತಿದ್ದಾಳೆ. ನಾನು ಹೋಗ್ತೇನೆ. ಊಟ ಮಾಡಿ ಹೋಗಿ ಎಲ್ಲರೂ. ಗಸಿಗೆ ಉಪ್ಪು ಸರಿ ಉಂಟು.”

ಮೈಕನ್ನು ಕ್ಯಾಮಿಲಸ್‌ನ ಕೈಯಲ್ಲಿ ಜೋಪಾನವಾಗಿ ಇಟ್ಟು ಸ್ಟೇಜು ಇಳಿದಳು. ಮುಂದಿನ ಮೆಟ್ಟಿಲಿನಿಂದಲೇ. ಯಾರೂ ತಡೆಯಲಿಲ್ಲ. ಹಿಂದಿನ ಸಾಲಿನಲ್ಲಿ ಮಗು ಎತ್ತಿಕೊಂಡಿದ್ದ ಒಬ್ಬ ಹೆಂಗಸು ಒಂದೇ ಒಂದು ಸಲ ಚಪ್ಪಾಳೆ ತಟ್ಟಿ, ಗಂಡನ ಮುಖ ನೋಡಿ, ಇನ್ನೊಂದು ಸಲ ತಟ್ಟಿದಳು.

ಅಬುಧಾಬಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಕೂತ ಮೇಲೆ ಹೆದರಿಕೆ ಬಂತು. ನಾಳೆ ವೀಸಾ ಕ್ಯಾನ್ಸಲ್ ಎನ್ನಬಹುದು. ಟಿಕೆಟು ಕೈಗೆ ಕೊಟ್ಟು ಊರಿಗೆ ಅಟ್ಟಬಹುದು. ಅಟ್ಟಿದರೆ ಅಟ್ಟಲಿ. ಆಮೇಲೆ ಇನ್ನೊಂದು ಯೋಚನೆ: ಆ ಮನೆಯಲ್ಲಿ ಯಾವ ಬಟ್ಟೆ ಯಾವ ಕಪಾಟಿನಲ್ಲಿ ಎಂದು ಗೊತ್ತಿರುವುದು ತನಗೊಬ್ಬಳಿಗೆ. ವಾಷಿಂಗ್ ಮೆಷೀನು ತನ್ನ ಮಾತು ಮಾತ್ರ ಕೇಳುತ್ತದೆ. ಹೆದರಿಕೆ ಅರ್ಧ ಇಳಿಯಿತು. ಅಷ್ಟರಲ್ಲಿ ಫೆಲ್ಸಿಬಾಯಿಯ ವಾಯ್ಸ್ ಮೆಸೇಜು ಬಂತು.

“ಬಾಯೀ, ಕೇಳು! ನೀನು ಹೋದದ್ದೇ ನಾನು ಸೌಟು ಇಟ್ಟೆ. ಏಳು ಮಂದಿ ಇಟ್ಟೆವು. ಉಳಿದವರು ಹೆದರಿದರು, ಪಾಪ, ಅವರವರ ಕಷ್ಟ. ಇಬ್ಬರು ಇಗರ್ಜಿಗೆ ಹೋದರು. ನಾನು ನಾಲ್ವರನ್ನು ಕರ್ಕೊಂಡು ಮೊದಲ ಪಂಕ್ತಿಗೆ ಕೂತೆ! ‘ಮಹಿಳಾ ದಿನ ಅಲ್ವಾ, ಬಡಿಸಿ’ ಅಂದೆ. ಯಾರು ಬಡಿಸುವುದು? ಎಲ್ಲ ಒಬ್ಬರ ಮುಖ ಒಬ್ಬರು ನೋಡ್ತಾರೆ! ಕಡೆಗೆ ಪ್ರೊಫೆಸರಮ್ಮ ಪೇಟ ಹಾಕಿದ ತಲೆಯಲ್ಲೇ ಸಾರಿನ ಬಾಲ್ದಿ ಹಿಡಿದರು. ಮುಖ್ಯ ಅತಿಥಿ ಹಿಡಿದ ಮೇಲೆ ಅಧ್ಯಕ್ಷರು ಬಿಡ್ಲಿಕ್ಕೆ ಆಗ್ತದಾ? ಜಯಪಾಲಣ್ಣ ನನ್ನ ತಟ್ಟೆಗೆ ಅನ್ನ ಬಡಿಸಿದರು! ‘ಇನ್ನು ಸ್ವಲ್ಪ ಹಾಕಿ’ ಅಂದೆ. ಹಸಿವು ಇರಲಿಲ್ಲ. ಆದ್ರೂ ಅಂದೆ!”

ಅಪ್ಪಿ ಅದನ್ನು ಮೂರು ಸಲ ಕೇಳಿದಳು.

ಬಸ್‌ಸ್ಟ್ಯಾಂಡಿನಲ್ಲಿ ಪ್ರಫುಲ್ಲಾ ಎರಡು ದೊಡ್ಡ ಪೆಟ್ಟಿಗೆಗಳ ನಡುವೆ ನಿಂತಿದ್ದಳು. ಸೊರಗಿದ್ದಳು. ಕೂದಲಿಗೆ ಬಣ್ಣ ಹಾಕಿದ್ದಳು. ಇಬ್ಬರೂ ಅಪ್ಪಿಕೊಳ್ಳಲು ನಾಚಿ, ಮೊದಲು ಪೆಟ್ಟಿಗೆಯ ತೂಕದ ಬಗ್ಗೆ ಮಾತಾಡಿ, ಆಮೇಲೆ ಅಪ್ಪಿಕೊಂಡರು. ಬಿಡಲು ಹೊತ್ತು ಹಿಡಿಯಿತು.

“ನಾರ್ತಿದ್ದೀಯಲ್ಲ, ಈರುಳ್ಳಿ,” ಎಂದಳು ಪ್ರಫುಲ್ಲಾ ಭುಜದೊಳಗೆ ಮುಖ ಇಟ್ಟು.

“ನೀನು ಡೆಟಾಲ್. ಊರಿಗೆ ಹೋಗಿ ಸ್ನಾನ ಮಾಡು.”

ಬೆಂಚಿನ ಮೇಲೆ ಕೂತು ಚಹಾ ಕುಡಿದರು. “ರಜೆ ಕೊಟ್ಟರಾ ಅಕ್ಕಾ?”

“ಕೊಡಲಿಲ್ಲ. ತಗೊಂಡೆ.” ಅಪ್ಪಿ ಎದ್ದು ನಿಂತು ಇಡೀ ಸಭೆಯನ್ನು ಮಾಡಿ ತೋರಿಸಿದಳು. ಜಯಪಾಲ ಹರಿವಾಣ ಅಪ್ಪಿಕೊಂಡದ್ದು, ಭವ್ಯಶ್ರೀ ನಗು ಬಿಡದೆ ಹಲ್ಲು ಕಚ್ಚಿದ್ದು. ಪ್ರಫುಲ್ಲಾಳ ಮೂಗಿಗೆ ಚಹಾ ಏರಿತು. ಪಕ್ಕದ ಬೆಂಚಿನ ಪಠಾಣನೂ ಏನೂ ಅರ್ಥವಾಗದೆ ನಕ್ಕ.

ನಾಲ್ಕೂ ಮುಕ್ಕಾಲಿಗೆ ಅಪ್ಪಿಯ ಫೋನು ರಿಂಗಾಯಿತು. ಭವ್ಯಶ್ರೀ.

ಪ್ರಫುಲ್ಲಾಳ ಮುಖದ ಬಣ್ಣ ಇಳಿಯಿತು. “ಎತ್ತಬೇಡ ಅಕ್ಕಾ.”

ಅಪ್ಪಿ ಎತ್ತಿ ಸ್ಪೀಕರಿಗೆ ಹಾಕಿದಳು. ಹಿಂದಿನಿಂದ ಪಾತ್ರೆ ಉರುಳುವ ಸದ್ದು, ಜಯಪಾಲ ಯಾರಿಗೋ ಕೂಗುವ ಸದ್ದು. ಭವ್ಯಶ್ರೀಯ ದನಿಯಲ್ಲಿ ಸಿಟ್ಟಿಗಿಂತ ಅಳುವೇ ಹೆಚ್ಚಿತ್ತು. “ಅಪ್ಪೀ… ಹಲೋ, ಅಪ್ಪೀ? ಆ ದೊಡ್ಡ ಕೊಪ್ಪರಿಗೆಯ ತಳ ಹಿಡಿದದ್ದು ಯಾವುದರಲ್ಲಿ ತಿಕ್ಕುವುದು ಮಾರಾಯ್ತಿ? ಇಲ್ಲಿ ಯಾರಿಗೂ ಗೊತ್ತಿಲ್ಲ.”

ಅಪ್ಪಿ ತಂಗಿಯ ಕೈ ಹಿಡಿದುಕೊಂಡಳು. ಮೂಗಿನಿಂದ ಉಸಿರೆಳೆದು, ಫೋನ್ ಕಂಪೆನಿಯ ಆ ತಣ್ಣಗಿನ ಹುಡುಗಿಯ ಗಂಟಲು ತೆಗೆದಳು.

“ನೀವು ಕರೆ ಮಾಡಿದ ಚಂದಾದಾರರು ಇಂದು ರಜೆಯಲ್ಲಿದ್ದಾರೆ. ದಯವಿಟ್ಟು ನಾಳೆ ಬೆಳಿಗ್ಗೆ ಪ್ರಯತ್ನಿಸಿ. ಇದನ್ನು ಕನ್ನಡದಲ್ಲಿ ಮತ್ತೆ ಕೇಳಲು ಒಂದನ್ನು ಒತ್ತಿ. ತುಳುವಿನಲ್ಲಿ ಕೇಳಲು ಎರಡನ್ನು ಒತ್ತಿ.”

ಆ ಕಡೆಯಿಂದ ಟುಂಯ್ ಎಂದು ಬಟನ್ ಒತ್ತಿದ ಸದ್ದು ಬಂತು.